ಕಂಪಾಸ್ ಬಾಕ್ಸಿನೊಳಗೊಂದು ಹೆಡ್‌ಫೋನ್ ಆಂಪ್ಲಿಫೈಯರ್

ಚೆಂಬೂರಿನಿಂದ ಟ್ರಾಂಬೆ ಕಡೆಗೆ ಹೋಗುವ ಗಲ್ಲಿಗಳಲ್ಲಿ ಒಂದೇ ಕೋಣೆಯ ಮನೆಗಳು ಎಷ್ಟೋ ಇವೆ. ಒಳಗೆ ಕುಕ್ಕರ್ ಸೀಟಿ, ಪಕ್ಕದ ಮನೆಯ ಟಿವಿ, ಹೊರಗೆ ರಿಕ್ಷಾ ಹಾರ್ನ್. ಇದರ ಮಧ್ಯೆ ಕೂತು ಮಕ್ಕಳು ಮೊಬೈಲಿನಲ್ಲಿ ಪಾಠ ಕೇಳಬೇಕು. ಕೇಳಿಸಲ್ಲ ಅಂತ ವಾಲ್ಯೂಮ್ ತುದಿಗೆ ಏರಿಸ್ತಾರೆ. ಗದ್ದಲವನ್ನು ಇನ್ನೊಂದು ಗದ್ದಲದಿಂದ ಮುಚ್ಚೋದು ಅಂದ್ರೆ ಇದೇ. ಬೆಲೆ ತೆರೋದು ಕಿವಿ.

ಇದಕ್ಕೆ ಒಳ್ಳೆಯ ದಾರಿ, ಕಿವಿಯನ್ನು ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನ್. ಹೊರಗಿನ ಸದ್ದು ತಡೆದರೆ ಒಳಗಿನ ಸದ್ದು ಕಡಿಮೆ ಇದ್ದರೂ ಸಾಕು. ಹೊಸದು ದುಬಾರಿ, ಆದರೆ ಚೋರ್ ಬಜಾರಿನಂಥ ಕಡೆ ಹಳೆಯ ಸ್ಟುಡಿಯೋ ಹೆಡ್‌ಫೋನ್ ಕೆಲವೊಮ್ಮೆ ಕೈಗೆಟುಕುವ ಬೆಲೆಗೆ ಸಿಗುತ್ತೆ. ತೊಂದರೆ ಏನಂದ್ರೆ, ಇಂಥವುಗಳಲ್ಲಿ ಹಲವು 250 ಓಮ್, 600 ಓಮ್ ಇರುತ್ತವೆ. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ಹೆಡ್‌ಫೋನಿಗೂ 250 ಓಮಿನ ಆವೃತ್ತಿ ಇದೆ. ಹಲವು ಮೊಬೈಲುಗಳು, ಟೈಪ್-ಸಿ ಅಡಾಪ್ಟರುಗಳು ಕೊಡೋದು ಅರ್ಧದಿಂದ ಒಂದು ವೋಲ್ಟ್ ಮಾತ್ರ. ಅರ್ಧ ವೋಲ್ಟಿಗೆ 250 ಓಮಿನಲ್ಲಿ ಸಿಗುವ ಶಕ್ತಿ 1 ಮಿಲಿವ್ಯಾಟ್. ಅದೇ 2 ವೋಲ್ಟ್ ಕೊಟ್ಟರೆ 16 ಮಿಲಿವ್ಯಾಟ್. ಈ ಕೊರತೆ ತುಂಬೋದಕ್ಕೇ ಆಂಪ್ಲಿಫೈಯರ್ ಬೇಕು.

ಏನೇನು ಬೇಕು?

ಅಮೆರಿಕದ ಚು ಮೋಯ್ ಎಂಬ ಹವ್ಯಾಸಿ 1990ರ ದಶಕದ ಕೊನೆಯಲ್ಲಿ ಒಂದು ಸರಳ ಸರ್ಕಿಟ್ ಪ್ರಕಟಿಸಿದರು. ಅವರ ಹೆಸರಿನಿಂದಲೇ ಅದಕ್ಕೆ ‘ಸಿಮೋಯ್’ ಅಂತಾರೆ. ಅಲ್ಲಿನ ಜನ ಅದನ್ನು ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿಯಲ್ಲಿ ಕೂರಿಸಿದರು. ನಮಗೆ ಶಾಲೆಯ ಕಂಪಾಸ್ ಬಾಕ್ಸ್ ಇದೆಯಲ್ಲ, ಅದೇ ಸಾಕು.

ಸಾಮಾನಿಗೆ ಲ್ಯಾಮಿಂಗ್ಟನ್ ರೋಡ್. ಚೆಂಬೂರಿನಿಂದ ಹಾರ್ಬರ್ ಲೈನಿನಲ್ಲಿ ಕುರ್ಲಾ, ಅಲ್ಲಿಂದ ದಾದರ್, ದಾದರಿನಲ್ಲಿ ವೆಸ್ಟರ್ನ್ ಲೈನ್ ಹಿಡಿದು ಗ್ರಾಂಟ್ ರೋಡಿನಲ್ಲಿ ಇಳಿಯಿರಿ. ಚೀಟಿ ಹೀಗೆ ಬರ್ಕೊಳ್ಳಿ: ಓಪಿಎ 2134 ಐಸಿ ಒಂದು, ಎಂಟು ಕಾಲಿನ ಐಸಿ ಸಾಕೆಟ್, 4.7 ಕಿಲೋ ಓಮ್ ರೆಸಿಸ್ಟರ್ ನಾಲ್ಕು, 10 ಕಿಲೋ ಓಮ್ ಎರಡು, 100 ಕಿಲೋ ಓಮ್ ಎರಡು, 220 ಮೈಕ್ರೋಫ್ಯಾರಡ್ 25 ವೋಲ್ಟಿನ ಕೆಪಾಸಿಟರ್ ಎರಡು, 0.1 ಮೈಕ್ರೋಫ್ಯಾರಡಿನವು ಮೂರು, 10 ಕಿಲೋ ಓಮಿನ ಸ್ಟೀರಿಯೋ ವಾಲ್ಯೂಮ್ ಕಂಟ್ರೋಲ್, 3.5 ಮಿಲಿಮೀಟರ್ ಸ್ಟೀರಿಯೋ ಜಾಕ್ ಎರಡು, ಝೀರೋ ಪಿಸಿಬಿ, ಸ್ವಿಚ್, 9 ವೋಲ್ಟ್ ಬ್ಯಾಟರಿ ಮತ್ತು ಅದರ ಕ್ಯಾಪ್. ಮಲ್ಟಿಮೀಟರ್ ಇಲ್ಲಾಂದ್ರೆ ಮೊದಲು ಅದನ್ನು ಕೊಳ್ಳಿ. ಅದಿಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಹೇಗೆ ಕೆಲಸ ಮಾಡುತ್ತೆ?

ಧ್ವನಿಯ ಅಲೆ ಮೇಲೂ ಹೋಗುತ್ತೆ, ಕೆಳಗೂ ಬರುತ್ತೆ. ಅದಕ್ಕೆ ಪ್ಲಸ್, ಮೈನಸ್ ಎರಡೂ ಬೇಕು. ನಮ್ಮ ಹತ್ರ ಇರೋದು ಒಂದೇ ಬ್ಯಾಟರಿ. ಹಾಗಾಗಿ ಎರಡು 4.7 ಕಿಲೋ ಓಮ್ ರೆಸಿಸ್ಟರುಗಳನ್ನು ಬ್ಯಾಟರಿಗೆ ಅಡ್ಡಲಾಗಿ ಒಂದರ ಹಿಂದೆ ಒಂದು ಜೋಡಿಸಿ, ಅವು ಸೇರುವ ಜಾಗವನ್ನು ‘ಮಧ್ಯಬಿಂದು’ ಅಂತ ಇಟ್ಟುಕೊಳ್ಳುತ್ತೇವೆ. ಅಲ್ಲಿಂದ ನೋಡಿದರೆ ಒಂದು ಕಡೆ +4.5, ಇನ್ನೊಂದು ಕಡೆ −4.5 ವೋಲ್ಟ್. ಪ್ರತಿ ರೆಸಿಸ್ಟರಿನ ಪಕ್ಕಕ್ಕೆ ಒಂದೊಂದು 220 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಈ ಬಿಂದು ಅಲುಗಾಡದೆ ನಿಲ್ಲುತ್ತೆ. ಎರಡೂ ಜಾಕ್‌ಗಳ ಗ್ರೌಂಡ್ ಸೇರಬೇಕಾದದ್ದು ಈ ಮಧ್ಯಬಿಂದುವಿಗೆ, ಬ್ಯಾಟರಿಯ ಮೈನಸ್‌ಗೆ ಅಲ್ಲ. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡ್ತೀರಿ ಅಂದ್ರೆ, ಇದನ್ನೇ ನೆನಪಿಡಿ.

ಮೊಬೈಲಿನ ಸಂಕೇತ ವಾಲ್ಯೂಮ್ ಕಂಟ್ರೋಲ್ ದಾಟಿ, 0.1 ಮೈಕ್ರೋಫ್ಯಾರಡ್ ಮೂಲಕ ಐಸಿಯ 3 ಮತ್ತು 5ನೇ ಕಾಲಿಗೆ ಹೋಗುತ್ತೆ. ಆ ಕಾಲುಗಳಿಂದ ಮಧ್ಯಬಿಂದುವಿಗೆ ಒಂದೊಂದು 100 ಕಿಲೋ ಓಮ್. ಹೊರಬರೋದು 1 ಮತ್ತು 7ನೇ ಕಾಲಿನಿಂದ. 1ರಿಂದ 2ಕ್ಕೆ, 7ರಿಂದ 6ಕ್ಕೆ 10 ಕಿಲೋ ಓಮ್. 2 ಮತ್ತು 6ರಿಂದ ಮಧ್ಯಬಿಂದುವಿಗೆ 4.7 ಕಿಲೋ ಓಮ್. ಆಗ ಸಂಕೇತ ಸುಮಾರು 3 ಪಟ್ಟು ಹಿಗ್ಗುತ್ತೆ. ಮೂಲ ನಕ್ಷೆಯ 11 ಪಟ್ಟು ಇಂದಿನ ಮೊಬೈಲಿಗೆ ಹೆಚ್ಚಾಯ್ತು. ವಿದ್ಯುತ್ತು 8ನೇ ಕಾಲಿಗೆ ಪ್ಲಸ್, 4ನೇ ಕಾಲಿಗೆ ಮೈನಸ್. ಮೂರನೇ 0.1 ಮೈಕ್ರೋಫ್ಯಾರಡನ್ನು ಈ ಎರಡು ಕಾಲುಗಳ ನಡುವೆ ಐಸಿಗೆ ಅಂಟಿದಂತೆ ಬೆಸೆಯಿರಿ.

ಹೆಡ್‌ಫೋನ್ ಹಾಕುವ ಮುಂಚೆ

ಐಸಿ ಇಲ್ಲದ ಖಾಲಿ ಸಾಕೆಟಿಗೆ ಬ್ಯಾಟರಿ ಕೊಡಿ. ಮೀಟರಿನ ಕಪ್ಪು ತಂತಿ ಮಧ್ಯಬಿಂದುವಿಗೆ. 8ರಲ್ಲಿ ಸುಮಾರು +4.5, 4ರಲ್ಲಿ −4.5 ಬರಬೇಕು. ಬಂದರೆ ಸ್ವಿಚ್ ಆರಿಸಿ, ಐಸಿ ಕೂರಿಸಿ, ಮತ್ತೆ ಹಚ್ಚಿ, ವಾಲ್ಯೂಮ್ ಸೊನ್ನೆಯಲ್ಲಿಟ್ಟು 1 ಮತ್ತು 7ನೇ ಕಾಲು ಅಳೆಯಿರಿ. 20 ಮಿಲಿವೋಲ್ಟಿಗಿಂತ ಕಡಿಮೆ ಇದ್ದರೆ ಸರಿ. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸಿದರೆ ಹೆಡ್‌ಫೋನ್ ಹತ್ತಿರ ತರಬೇಡಿ. ಆ ನೇರ ವಿದ್ಯುತ್ತು ಒಳಗಿನ ಪರದೆಯನ್ನು ಒಂದೇ ಕಡೆ ಒತ್ತಿ ಹಿಡಿದು ಸುರುಳಿಯನ್ನು ಬಿಸಿ ಮಾಡುತ್ತೆ.

ಕೆಟ್ಟರೆ ಎಲ್ಲಿ ನೋಡಬೇಕು?

ಸದ್ದು ಬರಲಿಲ್ಲ ಅಂದ ಕೂಡಲೇ ಐಸಿ ಸುಟ್ಟಿದೆ ಅಂತ ಹೊಸ ಐಸಿಗೆ ಓಡೋರೇ ಜಾಸ್ತಿ. ಸಬರ್ ಇರಲಿ. ನಿಮ್ಮ ಬೆಸುಗೆಯನ್ನು ಮೊದಲು ನೋಡಿ, ಐಸಿಯನ್ನು ಕೊನೆಗೆ.

ಮಧ್ಯಬಿಂದು ಎರಡೂ ಕಡೆ ಸಮನಾಗಿ 4.5 ಆಗದೆ, ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಅಂತ ಒಡೆದಿದೆಯಾ? ರೆಸಿಸ್ಟರಿನ ಪಟ್ಟಿ ನೋಡಿ. ಹಳದಿ-ನೇರಳೆ-ಕೆಂಪು 4.7 ಕಿಲೋ, ಕೊನೆಯದು ಕಿತ್ತಳೆ ಆಗಿದ್ದರೆ ಅದು 47 ಕಿಲೋ. ದೊಡ್ಡ ಕೆಪಾಸಿಟರ್ ತಲೆಕೆಳಗಾಗಿದ್ದರೂ ಹೀಗಾಗುತ್ತೆ.

ಒಂದು ಕಡೆ ಪೂರ್ತಿ ಸೊನ್ನೆಯಾ? ತಗಡಿನ ಡಬ್ಬಿಯನ್ನು ಅನುಮಾನಿಸಿ. ಜಾಕ್‌ನ ಲೋಹದ ಕತ್ತು ಡಬ್ಬಿಯನ್ನು ಮಧ್ಯಬಿಂದುವಿಗೆ ಸೇರಿಸುತ್ತೆ. ಬ್ಯಾಟರಿಯ ಮೈನಸ್ ಕೂಡ ಡಬ್ಬಿಗೆ ತಾಗಿದರೆ ಅರ್ಧ ಬ್ಯಾಟರಿ ಶಾರ್ಟ್. ತಳಕ್ಕೆ ರಟ್ಟು ಹಾಸಿ. ಇದೇ ಕಾರಣಕ್ಕೆ ಬ್ಯಾಟರಿ ಬದಲು ಮೊಬೈಲಿನ ಚಾರ್ಜರಿನಿಂದಲೇ ಇದಕ್ಕೂ ವಿದ್ಯುತ್ತು ಕೊಡಬಾರದು: ಎರಡು ಗ್ರೌಂಡುಗಳು ಅಲ್ಲಿ ಜಗಳ ಆಡ್ತವೆ.

ಮಾತು ತೆಳ್ಳಗೆ, ಬೇಸ್ ಇಲ್ಲದಂತೆ ಕೇಳುತ್ತಾ? 104 ಅಂತ ಬರೆದ ಕೆಪಾಸಿಟರ್ ಬದಲು 103 ಬಂದಿರಬಹುದು. ಅದು ಹತ್ತನೇ ಒಂದು ಭಾಗ. ಸುಮಾರು 160 ಹರ್ಟ್ಜ್ ಕೆಳಗಿನದೆಲ್ಲ ಸೋರಿಹೋಗುತ್ತೆ. ಐಸಿ ಬಿಸಿಯಾಗಿ ಬ್ಯಾಟರಿ ಬೇಗ ಮುಗಿಯುತ್ತಾ? ಐಸಿ ತಾನೇ ಕಂಪಿಸುತ್ತಿರಬಹುದು. 4 ಮತ್ತು 8ರ ನಡುವಿನ ಕೆಪಾಸಿಟರ್ ನೋಡಿ, ತಂತಿ ಗಿಡ್ಡ ಮಾಡಿ. ಅಗ್ಗ ಅಂತ ಎನ್‌ಇ 5532 ಹಾಕಿದ್ದೀರಾ? ಅದರ ಒಳಹರಿವಿನ ವಿದ್ಯುತ್ತು ಸುಮಾರು 200 ನ್ಯಾನೋ ಆಂಪಿಯರ್. 100 ಕಿಲೋ ಓಮಿನಲ್ಲಿ ಅದು 20 ಮಿಲಿವೋಲ್ಟ್, 3 ಪಟ್ಟಾದರೆ 60. ಐಸಿ ಕೆಟ್ಟಿಲ್ಲ, ಈ ಸರ್ಕಿಟಿಗೆ ಹೊಂದಲ್ಲ ಅಷ್ಟೇ.

ಕೊನೆಗೆ ಕಿವಿಯ ಮಾತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಮಕ್ಕಳಿಗೆ 75. ವಾಲ್ಯೂಮ್ ಜಾಸ್ತಿಯಾಯ್ತು ಅಂತ ಮೊಬೈಲ್ ಕೊಡುವ ಎಚ್ಚರಿಕೆ ನಿಮ್ಮ ಡಬ್ಬಿಯನ್ನು ಲೆಕ್ಕಕ್ಕೆ ತಗೊಳ್ಳಲ್ಲ. ಹಾಗಾಗಿ ಮಿತಿಯನ್ನು ಡಬ್ಬಿಯೊಳಗೇ ಕಟ್ಟಿ: ವಾಲ್ಯೂಮ್ ಕಂಟ್ರೋಲಿಗೆ ಬರುವ ಎರಡೂ ತಂತಿಯಲ್ಲಿ ಒಂದೊಂದು 10 ಕಿಲೋ ಓಮ್ ಸೇರಿಸಿದರೆ ಗರಿಷ್ಠ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತೆ. 32 ಓಮಿನ ಸಣ್ಣ ಇಯರ್‌ಫೋನನ್ನು ಇದಕ್ಕೆ ಹಾಕಲೇಬೇಡಿ, ಅದಕ್ಕೆ ಮೊಬೈಲೇ ಸಾಕು. ಮನೆ ಶಾಂತವಾಗಿರುವ ಹೊತ್ತಲ್ಲಿ ನೀವೇ ಕೇಳಿ ನೋಡಿ, ಮಾತು ಹಿತವಾಗಿ ಕೇಳುವ ಜಾಗದಲ್ಲಿ ಗುಂಡಿಗೆ ನೇಲ್ ಪಾಲಿಶಿನ ಗುರುತು ಹಾಕಿ. ಆಮೇಲೆ ಮಗುವಿನ ಕೈಗೆ ಕೊಡಿ, ಗುರುತು ಯಾಕೆ ಅಂತಲೂ ಹೇಳಿ.