ಹಾಲೊಡಕಿನಿಂದ ಆಹಾರ, ಇಂಧನ

ಹಾಲನ್ನು ಒಡೆಸಿ ಚೀಸ್ ತೆಗೆದ ಮೇಲೆ ಉಳಿಯುವ ತಿಳಿನೀರೇ ಹಾಲೊಡಕು. ಸುಮಾರು 10 ಲೀಟರ್ ಹಾಲಿನಿಂದ ದೊರೆಯುವ ಚೀಸ್ 1 ಕಿಲೋ. ಮಿಕ್ಕ 9 ಲೀಟರಿನಷ್ಟು ಒಡಕೇ.

ಇದನ್ನು ಹಳ್ಳಕ್ಕೆ ಬಿಟ್ಟರೆ ಏನಾಗುವುದೆಂದು ಕಾಫಿ ಪಲ್ಪಿಂಗ್ ಮಾಡುವ ನಮ್ಮ ಸದಸ್ಯರಿಗೆ ಹೇಳಬೇಕಾಗಿಲ್ಲ. ಪಲ್ಪರ್ ನೀರಿನಂತೆ ಇದರಲ್ಲಿಯೂ ಸಕ್ಕರೆಯ ಅಂಶವಿದೆ. ಅದನ್ನು ತಿನ್ನುವ ಸೂಕ್ಷ್ಮಾಣುಗಳು ನೀರಿನ ಆಮ್ಲಜನಕವನ್ನು ಹೀರಿಬಿಡುತ್ತವೆ; ಮೀನುಗಳು ಸಾಯುತ್ತವೆ, ನೀರು ನಾರುತ್ತದೆ. ಹೊಳೆಯನ್ನು ಕೆಡಿಸುವುದು ಅದರಲ್ಲಿ ವ್ಯರ್ಥವಾಗಿ ಹೋಗುವ ಆಹಾರವೇ ಎಂಬುದನ್ನು ಗಮನಿಸಬೇಕು.

ಹಾಲೊಡಕಿನಲ್ಲಿ ಶೇಕಡಾ 93ಕ್ಕೂ ಹೆಚ್ಚು ನೀರು, ಸುಮಾರು 5 ಹಾಲಿನ ಸಕ್ಕರೆ, ಒಂದಕ್ಕಿಂತ ಕಡಿಮೆ ಪ್ರೋಟೀನ್ ಇರುತ್ತದೆ. ಇವುಗಳನ್ನು ಉಪಯೋಗಿಸುವ ಕ್ರಮ ಹೀಗಿದೆ:

1. ಮೊದಲು ಆಹಾರ: ಅತಿ ಸಣ್ಣ ರಂಧ್ರಗಳ ಪೊರೆಯಲ್ಲಿ ಸೋಸಿದಾಗ ಪ್ರೋಟೀನ್ ಮೇಲೆ ನಿಲ್ಲುತ್ತದೆ. ಅದನ್ನು ಒಣಗಿಸಿ ಶಿಶು ಆಹಾರಕ್ಕೂ ಪೌಷ್ಟಿಕ ಪುಡಿಗಳಿಗೂ ಬಳಸುತ್ತಾರೆ.

2. ಅನಂತರ ಇಂಧನ: ಸೋಸಿ ಇಳಿದ ಸಿಹಿನೀರನ್ನು ಯೀಸ್ಟ್ ಹಾಕಿ ಹುಳಿಸುತ್ತಾರೆ. ಬೇಕರಿಯ ಯೀಸ್ಟ್ ಹಾಲಿನ ಸಕ್ಕರೆಯನ್ನು ಮುಟ್ಟುವುದಿಲ್ಲ. ಕ್ಲೂವೆರೊಮೈಸಿಸ್ ಎಂಬ ಬೇರೆ ಜಾತಿಯೇ ಬೇಕು. ಬಟ್ಟಿ ಇಳಿಸಿದರೆ 100 ಲೀಟರಿಗೆ ಎರಡರಿಂದ ಮೂರು ಲೀಟರ್ ಮದ್ಯಸಾರ ಸಿಗುತ್ತದೆ.

3. ಕೊನೆಗೆ ಅನಿಲ: ಉಳಿದ ನೀರನ್ನು ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಸಿದರೆ, ಗೋಬರ್ ಗ್ಯಾಸಿನಂತೆಯೇ, ಉರಿಯುವ ಅನಿಲ ಬರುತ್ತದೆ.

ಐರ್ಲೆಂಡಿನ ಕಾರ್ಕ್ ಪ್ರಾಂತದ ಕಾರ್ಬರಿ ಕಾರ್ಖಾನೆ 1978ರಲ್ಲಿ ಹಾಲೊಡಕಿನಿಂದ ಮದ್ಯಸಾರ ತೆಗೆಯಲು ಆರಂಭಿಸಿತು. ಇಂದು ಅದರ ಒಡೆಯರು ನಾಲ್ಕು ರೈತ ಸಹಕಾರ ಸಂಘಗಳು. ನ್ಯೂಜಿಲೆಂಡಿನಲ್ಲಿ 2007ರಲ್ಲಿ ಇಂತಹ ಮದ್ಯಸಾರ ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ ಬಂತು.

ಆದರೆ ಎರಡು ಲೀಟರ್ ಮದ್ಯಸಾರಕ್ಕಾಗಿ ನೂರು ಲೀಟರ್ ನೀರು ಕಾಯಿಸುವುದು ಒಬ್ಬಿಬ್ಬರಿಗೆ ಗಿಟ್ಟುವ ಕೆಲಸವಲ್ಲ. ಹಲವರ ಒಡಕು ಒಂದೆಡೆ ಸೇರಿದರೆ ಮಾತ್ರ ಲೆಕ್ಕ ಕೂಡುತ್ತದೆ. ಮನೆಮಟ್ಟದಲ್ಲಿ ಪನೀರಿನ ನೀರನ್ನು ಚಪಾತಿ ಹಿಟ್ಟಿಗೆ, ದನಗಳ ಕಲಗಚ್ಚಿಗೆ ಬಳಸಬಹುದು. ಗೋಬರ್ ಗ್ಯಾಸ್ ತೊಟ್ಟಿಗೆ ಸಗಣಿಯೊಡನೆ ಸ್ವಲ್ಪವೇ ಹಾಕಬೇಕು. ಹುಳಿ ಹೆಚ್ಚಾದರೆ ಅನಿಲ ನಿಂತುಹೋಗುತ್ತದೆ.

ನಮ್ಮ ಪಲ್ಪರ್ ನೀರಿನ ಲೆಕ್ಕವೂ ಇದೇ. ಸುಣ್ಣ ಹಾಕಿ ಹುಳಿ ತಗ್ಗಿಸಿ, ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಸಿದರೆ ಅದರಿಂದಲೂ ಅನಿಲ ಪಡೆಯಬಹುದು. ಒಬ್ಬ ಸಣ್ಣ ಬೆಳೆಗಾರನಿಗೆ ಈ ಖರ್ಚು ಭಾರವೇ ಸರಿ. ಅಕ್ಕಪಕ್ಕದ ನಾಲ್ಕಾರು ತೋಟದವರು ಕೂಡಿ ಒಂದೇ ಕಡೆ ಪಲ್ಪಿಂಗ್ ಮಾಡಿದರೆ ಖರ್ಚೂ ಹಂಚಿಹೋಗುತ್ತದೆ, ಕೆಳಗಿನ ಊರಿನವರ ಕುಡಿಯುವ ನೀರೂ ಉಳಿಯುತ್ತದೆ. ಸದಸ್ಯರು ಮುಂದಿನ ಕೊಯ್ಲಿಗೆ ಮೊದಲೇ ಈ ಬಗ್ಗೆ ನೆರೆಯವರೊಡನೆ ಕುಳಿತು ಮಾತನಾಡಬೇಕೆಂದು ಕೋರುತ್ತೇವೆ.