ಜೇನು ಚೌಕಟ್ಟಿಗೆ ಮೊಳೆ ಗನ್ನು: ಕೊಳ್ಳುವ ಮೊದಲು

ಭಾಲ್ಕಿ ತಾಲೂಕಿನಲ್ಲಿ ನನ್ನದು ಆರು ಎಕರೆ ಎರೆಭೂಮಿ. ಸೋಯಾ, ತೊಗರಿ, ಕಡಲೆ. ಜೊತೆಗೆ 24 ಜೇನುಪೆಟ್ಟಿಗೆ, ಎಲ್ಲವೂ ಮೆಲ್ಲಿಫೆರಾ ಜಾತಿಯ ಹುಳದವು. ತೊಗರಿ ಹೂವು ಮುಗಿದ ಮೇಲೆ ಪೆಟ್ಟಿಗೆಗಳನ್ನು ಔರಾದ ಕಡೆ ಬೀಗರ ಕುಸುಬಿ ಹೊಲಕ್ಕೆ ಸಾಗಿಸುವುದು ನನ್ನ ರೂಢಿ. ರಾತ್ರಿ ಟೆಂಪೋಕ್ಕೆ ಹೇರಿ, ಬೆಳಗಾಗುವುದರೊಳಗೆ ಇಳಿಸಿಬಿಡಬೇಕು.

ಎರಡು ವರ್ಷದ ಹಿಂದೆ ಹಾಗೆ ಸಾಗಿಸಿದ ಮರುದಿನ ಒಂದು ಪೆಟ್ಟಿಗೆ ತೆರೆದು ಚೌಕಟ್ಟು ಎತ್ತಿದೆ. ಕೈಗೆ ಬಂದದ್ದು ಬರೀ ಮೇಲಿನ ಪಟ್ಟಿ! ಎರಿ, ಪಕ್ಕದ ಪಟ್ಟಿ, ಮರಿ, ತುಪ್ಪ ಎಲ್ಲ ಪೆಟ್ಟಿಗೆಯೊಳಗೇ ಕುಸಿದು ಕೂತಿತ್ತು. ಮೂರು ಪೆಟ್ಟಿಗೆಯಲ್ಲಿ ಇದೇ ಕಥೆ. ಒಂದರಲ್ಲಿ ರಾಣಿಯೇ ಎರಿಯಡಿ ಸಿಕ್ಕಿ ಸತ್ತಿತ್ತು. ಸೋರಿದ ತುಪ್ಪದ ವಾಸನೆಗೆ ಬೇರೆ ಪೆಟ್ಟಿಗೆಯ ಹುಳ ನುಗ್ಗಿ ಲೂಟಿ ಹೊಡೆದವು. ಆ ವರ್ಷದ ಕುಸುಬಿ ತುಪ್ಪದ ಲೆಕ್ಕ ಅಲ್ಲಿಗೆ ಮುಗಿಯಿತು.

ತಪ್ಪು ರಸ್ತೆಯದಲ್ಲ, ಟೆಂಪೋದವನದೂ ಅಲ್ಲ. ನನ್ನದೇ. ಆ ವರ್ಷ ಹುರುಪಿನಲ್ಲಿ ಒಂದು ಗಾಳಿ ಗನ್ನು ತಂದು, ಚೌಕಟ್ಟುಗಳನ್ನು ಪಟಪಟನೆ ಹೊಡೆದು ಮುಗಿಸಿದ್ದೆ. ಯಾವ ಗನ್ನು, ಎಂಥ ಮೊಳೆ, ಎಲ್ಲಿ ಹೊಡೆಯಬೇಕು ಎಂದು ವಿಚಾರ ಮಾಡಿರಲಿಲ್ಲ. ಆಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸುತ್ತಿಗೆ ಯಾಕೆ ಸಾಲುವುದಿಲ್ಲ?

ಒಂದು ಪೆಟ್ಟಿಗೆಗೆ ಸಂಸಾರದ ಕೋಣೆಯಲ್ಲಿ 10, ಮೇಲಿನ ಸೂಪರಿನಲ್ಲಿ 10, ಒಟ್ಟು 20 ಚೌಕಟ್ಟು. ಒಂದೊಂದಕ್ಕೆ ಸರಿಯಾಗಿ ಹೊಡೆದರೆ 10 ಮೊಳೆ ಬೇಕು. ಅಂದರೆ ಒಂದು ಪೆಟ್ಟಿಗೆಗೆ 200 ಮೊಳೆ. 24 ಪೆಟ್ಟಿಗೆಗೆ 4,800! ಸುತ್ತಿಗೆಯಲ್ಲಿ ನನಗೆ ತಾಸಿಗೆ ಎಂಟು ಚೌಕಟ್ಟಿಗಿಂತ ಹೆಚ್ಚು ಆಗುತ್ತಿರಲಿಲ್ಲ. ಪಕ್ಕದ ಪಟ್ಟಿ ಬೆರಳಿಗಿಂತ ತೆಳು. ಒಣಗಿದ ಸಾಗವಾನಿಯಾದರೆ ಮೊಳೆ ಇಳಿಯುತ್ತಲೇ ಸೀಳುತ್ತದೆ. ಸಣ್ಣ ಡ್ರಿಲ್ಲಿನಿಂದ ಮೊದಲು ತೂತು ಕೊರೆದು ಹೊಡೆದರೆ ಸೀಳುವುದಿಲ್ಲ, ಆದರೆ ಕೆಲಸ ಇನ್ನೂ ನಿಧಾನ.

ಹಾಗಂತ ಎಲ್ಲರಿಗೂ ಗನ್ನು ಬೇಕಿಲ್ಲ. ನಾಲ್ಕೈದು ಪೆಟ್ಟಿಗೆ ಇಟ್ಟವರಿಗೆ ಸುತ್ತಿಗೆ, ಡ್ರಿಲ್ಲು, ಅಂಟು ಧಾರಾಳ ಸಾಕು. ಮಳೆಗಾಲದ ಬಿಡುವಿನಲ್ಲಿ ಮನೆ ಮಂದಿ ಕೂತು ಮುಗಿಸಬಹುದು.

ಚೌಕಟ್ಟು ಬಿಚ್ಚುವುದು ಎಲ್ಲಿ?

ಗನ್ನಿನ ಮಾತಿಗೆ ಮೊದಲು ಇದು ತಿಳಿಯಬೇಕು. ಪೆಟ್ಟಿಗೆಯೊಳಗೆ ಚೌಕಟ್ಟು ತೂಗುವುದು ಮೇಲುಪಟ್ಟಿಯ ಎರಡು ಕಿವಿಗಳ ಮೇಲೆ. ತುಂಬಿದ ದೊಡ್ಡ ಚೌಕಟ್ಟು ಮೂರು ಕಿಲೋದ ಹತ್ತಿರ ತೂಗುತ್ತದೆ. ಆ ಭಾರವೆಲ್ಲ ಮೇಲುಪಟ್ಟಿ ಮತ್ತು ಪಕ್ಕದ ಪಟ್ಟಿ ಕೂಡುವ ಎರಡು ಮೂಲೆಗೆ ಬೀಳುತ್ತದೆ. ಹುಳಗಳು ಚೌಕಟ್ಟನ್ನು ಅಂಟಿನಿಂದ ಕಚ್ಚಿಸಿಬಿಟ್ಟಿದ್ದರೆ, ನಾವು ಮೀಟಿ ಎತ್ತುವಾಗ ಎಳೆತ ಇನ್ನೂ ಹೆಚ್ಚು.

ಎಲ್ಲರೂ ಮಾಡುವಂತೆ ಮೊಳೆಯನ್ನು ಮೇಲಿನಿಂದ ಕೆಳಕ್ಕೆ ಮಾತ್ರ ಹೊಡೆದರೆ, ಭಾರ ಆ ಮೊಳೆಯನ್ನು ಕೀಳುವ ದಿಕ್ಕಿಗೇ ಎಳೆಯುತ್ತದೆ. ಮೇಲಾಗಿ ಮೊಳೆ ಇಳಿದಿರುವುದು ಪಕ್ಕದ ಪಟ್ಟಿಯ ತುದಿಗೆ, ಕಟ್ಟಿಗೆಯ ಎಳೆಯ ಉದ್ದಕ್ಕೆ. ಅಲ್ಲಿ ಮೊಳೆಗೆ ಹಿಡಿತ ಕಡಿಮೆ. ಅದೇ ಕಿವಿಯ ಕೆಳಗೆ, ಪಕ್ಕದ ಪಟ್ಟಿಯ ಹೊರಮೈಯಿಂದ ಮೇಲುಪಟ್ಟಿಯ ಮೈಯೊಳಕ್ಕೆ ಒಂದು ಅಡ್ಡ ಮೊಳೆ ಹೊಡೆಯಿರಿ. ಈಗ ಭಾರ ಮೊಳೆಯನ್ನು ಕೀಳುವುದಿಲ್ಲ, ಅದರ ಮೇಲೆ ಅಡ್ಡ ಕೂರುತ್ತದೆ. ಚೌಕಟ್ಟು ಬಿಚ್ಚಬೇಕಾದರೆ ಮೊಳೆಯೇ ಬಾಗಬೇಕು, ಇಲ್ಲ ಕಟ್ಟಿಗೆ ಸೀಳಬೇಕು.

ನನ್ನ ಚೌಕಟ್ಟುಗಳಿಗೆ ಈ ಅಡ್ಡ ಮೊಳೆ ಇರಲಿಲ್ಲ. ಅಂಟನ್ನೂ ಹಚ್ಚಿರಲಿಲ್ಲ. ಗನ್ನು ಗಟ್ಟಿ ಹೊಡೆಯುತ್ತದಲ್ಲ, ಅಂಟು ಯಾಕೆ ಎಂದುಕೊಂಡಿದ್ದೆ.

ಮೇಲಿನಿಂದ ಮೂಲೆಗೆ ಎರಡರಂತೆ ನಾಲ್ಕು, ಕೆಳಪಟ್ಟಿಗೆ ನಾಲ್ಕು, ಅಡ್ಡ ಎರಡು. ಒಟ್ಟು ಹತ್ತು ಎಂದು ನಾನು ಹೇಳಿದ್ದು ಈ ಲೆಕ್ಕದಿಂದ.

ಅಂಗಡಿಯಲ್ಲಿ ಸಿಗುವ ಗನ್ನುಗಳು

ಬೀದರಿನಲ್ಲಿ ಸೋಫಾ, ಪ್ಲೈವುಡ್ ಕೆಲಸ ಮಾಡುವ ಎಲ್ಲ ಕಾರ್ಖಾನೆಯಲ್ಲೂ ಗಾಳಿ ಗನ್ನುಗಳಿವೆ. ನನ್ನ ಮುರಿದ ಚೌಕಟ್ಟು ಹಿಡಿದುಕೊಂಡು ಪರಿಚಯದ ಒಬ್ಬ ಹುಡುಗನ ಕಡೆ ಹೋದೆ. ನೋಡಿ ನಕ್ಕ. "ಕಾಕಾ, ಈ ಪಿನ್ನಿಗಿ ತಲಿನೇ ಇಲ್ಲ. ಹಿಡೀಲತದ ಅಂದ್ರ ಎಲ್ಲಿ ಹಿಡೀತದ? ನಾವ್ ಇದು ಪಟ್ಟಿ ಅಂಟು ಒಣಗೋತನ ನಿಂದ್ರಲಿ ಅಂತ ಹೊಡೀತೀವಿ" ಎಂದ. ಅವನು ತನ್ನ ಗನ್ನುಗಳನ್ನೆಲ್ಲ ಮೇಜಿನ ಮೇಲೆ ಇಟ್ಟು ಒಂದೊಂದನ್ನೂ ಹೊಡೆದು ತೋರಿಸಿದ. ಅವು ಹೀಗಿವೆ.

1) ಸೂಜಿಪಿನ್ ಗನ್ನು (23 ಗೇಜ್): ಗೇಜ್ ಅಂಕಿ ಹೆಚ್ಚಾದಷ್ಟೂ ತಂತಿ ತೆಳು ಎಂದು ನೆನಪಿಡಿ. ಇದರ ಪಿನ್ ಸೂಜಿಯಂತೆ, ತಲೆಯೇ ಇಲ್ಲ. ಅಲಂಕಾರದ ಪಟ್ಟಿಗೆ ಸರಿ. ನಮಗೆ ಬೇಡ.

2) ಸೋಫಾ ಗನ್ನು (80ನೇ ಸರಣಿ): ಬಟ್ಟೆ, ರೆಕ್ಸಿನ್ ಹೊಡೆಯುವ ತೆಳು ಸ್ಟೇಪಲ್. ಕಾಲು ಹೆಚ್ಚೆಂದರೆ 16 ಮಿ.ಮೀ. ಅಗ್ಗ ಎಂದು ಇದನ್ನು ಕೊಂಡವರಿದ್ದಾರೆ. ಹತ್ತು ಮಿ.ಮೀ. ಪಟ್ಟಿ ದಾಟಿದ ಮೇಲೆ ಒಳಗೆ ಹಿಡಿಯಲು ಉಳಿಯುವುದು ಆರೇ ಮಿ.ಮೀ. ಬೇಡ.

3) ಬ್ರಾಡ್ ಗನ್ನು (18 ಗೇಜ್, ಎಫ್-30): ನಾನು ಮೊದಲು ಕೊಂಡದ್ದು ಇದನ್ನೇ. 30 ಮಿ.ಮೀ.ವರೆಗಿನ ಮೊಳೆ ಹಾರಿಸುತ್ತದೆ. ಹಗುರ, ಎಲ್ಲ ಕಡೆ ಸಿಗುತ್ತದೆ, ಕಟ್ಟಿಗೆ ಸೀಳುವುದು ಕಡಿಮೆ. ಆದರೆ ಮೊಳೆಯ ತಲೆ ಎಳ್ಳಿನಷ್ಟು. ತೆಳು ಕೆಳಪಟ್ಟಿಯನ್ನು ಎಳೆದರೆ ತಲೆ ಪಟ್ಟಿಯೊಳಗೇ ಜಾರಿ ಬರುತ್ತದೆ. ಅಂಟು ಮತ್ತು ಅಡ್ಡ ಮೊಳೆ ಇದ್ದರೆ ನಡೆಯುತ್ತದೆ. ಇಲ್ಲದಿದ್ದರೆ ನನ್ನ ಗತಿ.

4) ಸಣ್ಣ ಬೆನ್ನಿನ ಸ್ಟೇಪಲ್ ಗನ್ನು (18 ಗೇಜ್, 90ನೇ ಸರಣಿ): ಸ್ಟೇಪಲ್ಲಿನ ಬೆನ್ನು ಸುಮಾರು 6 ಮಿ.ಮೀ. ಅಗಲ, ಕಾಲು 40 ಮಿ.ಮೀ.ವರೆಗೆ. ಒಂದು ಏಟಿಗೆ ಎರಡು ಕಾಲು ಇಳಿಯುತ್ತವೆ, ಬೆನ್ನು ಪಟ್ಟಿಯನ್ನು ಒತ್ತಿ ಹಿಡಿಯುತ್ತದೆ. ಚೌಕಟ್ಟಿಗೆ ಹೇಳಿ ಮಾಡಿಸಿದ್ದು ಇದೇ. ಈಗ ನನ್ನ ಹತ್ತಿರ ಇರುವುದೂ ಇದೇ.

ಪಿನ್ನಿನ ಡಬ್ಬಿಯ ಮೇಲಿನ ಅಂಕಿ ನೋಡಿ ಕೊಳ್ಳಿ. 9025 ಎಂದರೆ 90ನೇ ಸರಣಿ, ಕಾಲು 25 ಮಿ.ಮೀ. 9030 ಎಂದರೆ 30 ಮಿ.ಮೀ. ಮೇಲುಪಟ್ಟಿಗೆ 30, ಕೆಳಪಟ್ಟಿಗೂ ಅಡ್ಡಕ್ಕೂ 25 ನಾನು ಬಳಸುತ್ತೇನೆ. ಸತುವಿನ ಲೇಪ ಇರುವುದನ್ನೇ ಕೇಳಿ, ಪೆಟ್ಟಿಗೆಯೊಳಗಿನ ತೇವಕ್ಕೆ ಬರೀ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ.

ಬ್ಯಾಟರಿ ಗನ್ನುಗಳೂ ಬಂದಿವೆ. ಕಂಪ್ರೆಸರ್ ಬೇಡ, ಪೈಪಿನ ಕಾಟವಿಲ್ಲ. ಆದರೆ ತೂಕ ಹೆಚ್ಚು, ಬೆಲೆ ಬಹಳ ಹೆಚ್ಚು. ವರ್ಷಕ್ಕೆ ವಾರದ ಕೆಲಸಕ್ಕೆ ನಮ್ಮಂಥವರಿಗೆ ಹೊಂದುವುದಿಲ್ಲ.

ಗಾಳಿ ಎಲ್ಲಿಂದ?

ಗನ್ನಿಗಿಂತ ಕಂಪ್ರೆಸರಿಗೇ ಹಲವು ಪಟ್ಟು ಹಣ ಬೇಕು. ಖರ್ಚಿನ ಲೆಕ್ಕ ಹಾಕುವಾಗ ಇದನ್ನು ಮರೆಯುವವರೇ ಹೆಚ್ಚು. ಈ ಗನ್ನುಗಳಿಗೆ 5ರಿಂದ 7 ಕೆ.ಜಿ. ಒತ್ತಡ ಸಾಕು. ಒಂದು ಎಚ್.ಪಿ., 25 ಲೀಟರ್ ಟ್ಯಾಂಕಿನ ಸಿಂಗಲ್ ಫೇಸ್ ಯಂತ್ರ ನಡೆಯುತ್ತದೆ. ಹಳ್ಳಿಯಲ್ಲಿ ವೋಲ್ಟೇಜ್ ಇಳಿದಾಗ ಮೋಟರು ಎತ್ತದೆ ಗುಂಯ್‌ಗುಡುತ್ತದೆ. ಆಗ ಹಟ ಮಾಡಬೇಡಿ, ಸುಟ್ಟುಹೋಗುತ್ತದೆ.

ನಾನು ಕಂಪ್ರೆಸರ್ ಕೊಂಡೇ ಇಲ್ಲ. ನಮ್ಮೂರ ಪಂಚರ್ ಅಂಗಡಿಯಲ್ಲಿ ಮಧ್ಯಾಹ್ನ ಗಿರಾಕಿ ಕಡಿಮೆ. ಪಟ್ಟಿಗಳ ಕಟ್ಟು, ಅಂಟು, ಗನ್ನು ಹೊತ್ತುಕೊಂಡು ಅಲ್ಲಿಗೇ ಹೋಗುತ್ತೇನೆ. ಅವನಿಗೆ ಕರೆಂಟಿನ ದುಡ್ಡು, ಹಬ್ಬಕ್ಕೊಂದು ಬಾಟಲಿ ತುಪ್ಪ. ಒಂದು ಎಚ್ಚರಿಕೆ: ಪಂಚರ್ ಅಂಗಡಿಯ ಟ್ಯಾಂಕಿನಲ್ಲಿ ಒತ್ತಡ ಗನ್ನು ತಾಳುವುದಕ್ಕಿಂತ ಹೆಚ್ಚಿರಬಹುದು. ನಡುವೆ ಒತ್ತಡ ಇಳಿಸುವ ರೆಗ್ಯುಲೇಟರ್ ಇಲ್ಲದೆ ಜೋಡಿಸಬೇಡಿ. ವೆಲ್ಡಿಂಗಿನ ಆಕ್ಸಿಜನ್ ಸಿಲಿಂಡರಿಗಂತೂ ಎಂದೂ ಜೋಡಿಸಬಾರದು, ಗನ್ನು ಸಿಡಿದು ಪ್ರಾಣಕ್ಕೇ ಕುತ್ತು.

ಅಚ್ಚು ಮೊದಲು, ಗನ್ನು ಆಮೇಲೆ

ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1852ರಲ್ಲಿ ಎತ್ತಿ ತೆಗೆಯುವ ಚೌಕಟ್ಟಿನ ಪೆಟ್ಟಿಗೆಗೆ ಪೇಟೆಂಟ್ ಪಡೆದ. ಅದರ ಗುಟ್ಟೆಲ್ಲ ಒಂದು ಸಂದಿಯಲ್ಲಿದೆ. ಚೌಕಟ್ಟು ಮತ್ತು ಪೆಟ್ಟಿಗೆಯ ಗೋಡೆ ನಡುವೆ 6ರಿಂದ 9 ಮಿ.ಮೀ. ಬಿಟ್ಟರೆ ಹುಳ ಅದನ್ನು ಓಡಾಟಕ್ಕೆ ಇಟ್ಟುಕೊಳ್ಳುತ್ತದೆ. ಕಡಿಮೆಯಾದರೆ ಅಂಟು ಮೆತ್ತುತ್ತದೆ, ಹೆಚ್ಚಾದರೆ ಎರಿ ಕಟ್ಟುತ್ತದೆ. ಚೌಕಟ್ಟು ಸೊಟ್ಟಾದರೆ ಈ ಸಂದಿ ಒಂದು ಕಡೆ ಕೆಡುತ್ತದೆ. ಗನ್ನಿನ ವೇಗದಲ್ಲಿ ಸೊಟ್ಟ ಚೌಕಟ್ಟುಗಳೂ ಅಷ್ಟೇ ವೇಗವಾಗಿ ಆಗುತ್ತವೆ!

ಅದಕ್ಕೆ ಅಚ್ಚು ಬೇಕು. ಮೇಲೂ ಕೆಳಗೂ ತೆರೆದ ಒಂದು ಡಬ್ಬಿ ಅದು. ಹತ್ತು ಚೌಕಟ್ಟಿನ ಪಕ್ಕದ ಪಟ್ಟಿಗಳನ್ನು ಎರಡೂ ತುದಿಗೆ ಸಾಲಾಗಿ ನಿಲ್ಲಿಸಿ, ಒಳಗಿನಿಂದ ಒಂದೊಂದು ಅಡ್ಡಪಟ್ಟಿ ಒತ್ತಿ ಬಿಗಿಯಬೇಕು. ಕಚ್ಚಿಗೆ ಅಂಟು ಹಚ್ಚಿ ಮೇಲುಪಟ್ಟಿ ಕೂರಿಸಿ ಹೊಡೆಯಿರಿ. ಡಬ್ಬಿ ತಿರುವಿ ಹಾಕಿ ಕೆಳಪಟ್ಟಿ ಹೊಡೆಯಿರಿ. ಹೊರತೆಗೆದು ಅಡ್ಡ ಮೊಳೆ ಹೊಡೆಯಿರಿ. ಬಡಿಗೇರ ಕಾಕಾ ನನಗೆ ಹಳೆ ಪ್ಲೈವುಡ್ಡಿನಲ್ಲಿ ಅರ್ಧ ದಿನದಲ್ಲಿ ಮಾಡಿಕೊಟ್ಟ. ಮೊದಲ ಚೌಕಟ್ಟಿನ ಎರಡೂ ಕರ್ಣವನ್ನು ದಾರದಿಂದ ಅಳೆದು ನೋಡಿ, ಸಮ ಬಂದರೆ ಮುಂದುವರಿಯಿರಿ. ಅಚ್ಚು ಇದ್ದಾಗ ಈಗ ತಾಸಿಗೆ ಮೂವತ್ತು ಚೌಕಟ್ಟಿಗೆ ಮೋಸವಿಲ್ಲ.

ಸ್ಟೇಪಲ್ಲಿನ ಎರಡೂ ಕಾಲು ಕಟ್ಟಿಗೆಯ ಒಂದೇ ಎಳೆಗೆ ಇಳಿದರೆ ಪಟ್ಟಿ ಸೀಳುತ್ತದೆ. ಗನ್ನನ್ನು ಸ್ವಲ್ಪ ಓರೆ ತಿರುಗಿಸಿ ಹೊಡೆಯಿರಿ. ತುಂಡು ಕಟ್ಟಿಗೆಯ ಮೇಲೆ ನಾಲ್ಕಾರು ಹೊಡೆದು ಒತ್ತಡ ಹೊಂದಿಸಿಕೊಳ್ಳಿ. ಬೆನ್ನು ಮೈಗೆ ಸಮ ಕೂರಬೇಕು, ಹೂತುಹೋಗಬಾರದು. ತುದಿ ಹೊರಬಂದರೆ ಕತ್ತರಿಸಿ, ಇಲ್ಲವೆಂದರೆ ತುಪ್ಪ ತೆಗೆಯುವಾಗ ಕೈ ಹರಿಯುತ್ತದೆ.

ಕೊಡದ ಪರೀಕ್ಷೆ

ಅಂಟು ಒಂದು ದಿನ ಒಣಗಿದ ಮೇಲೆ ಚೌಕಟ್ಟಿನ ಕಿವಿಗಳನ್ನು ಎರಡು ಸಾಲು ಇಟ್ಟಿಗೆಯ ಮೇಲೆ ಇಡಿ. ಕೆಳಪಟ್ಟಿಗೆ ಹತ್ತು ಲೀಟರ್ ನೀರಿನ ಕೊಡ ತೂಗುಬಿಟ್ಟು ಮೆಲ್ಲಗೆ ಅಲ್ಲಾಡಿಸಿ. ನನ್ನ ಹಳೆಯ ಚೌಕಟ್ಟಿನ ಕೆಳಪಟ್ಟಿ ಕೊಡದ ಸಮೇತ ಬಿತ್ತು. "ಇದನ್ನ ಹೋದ ವರ್ಷನೇ ಮಾಡಿದ್ರ ರಾಣಿ ಉಳೀತಿತ್ತಲ್ಲ" ಎಂದಳು ನಮ್ಮ ಮನೆಯಾಕಿ. ಉತ್ತರ ಇರಲಿಲ್ಲ. ಸ್ಟೇಪಲ್, ಅಂಟು, ಅಡ್ಡ ಮೊಳೆ ಮೂರೂ ಇದ್ದ ಹೊಸ ಚೌಕಟ್ಟು ಅಲುಗಲಿಲ್ಲ. ಪ್ರತಿ ಕಂತಿನಲ್ಲಿ ಒಂದೆರಡನ್ನಾದರೂ ಹೀಗೆ ನೋಡಿಯೇ ಪೆಟ್ಟಿಗೆಗೆ ಇಳಿಸುತ್ತೇನೆ.

ಕೈ, ಕಣ್ಣು ಜೋಕೆ

ಕನ್ನಡಕ ಹಾಕದೆ ಗನ್ನು ಮುಟ್ಟಬೇಡಿ. ಮೊಳೆ ಗಂಟಿಗೆ ತಾಗಿದರೆ ಬಾಗಿ ಪಕ್ಕದಿಂದ ಹೊರಬರುತ್ತದೆ, ಆದ್ದರಿಂದ ಹಿಡಿದ ಕೈ ಮೂಲೆಯಿಂದ ಒಂದು ಗೇಣು ದೂರ ಇರಲಿ. ಪಿನ್ ಸಿಕ್ಕಿಕೊಂಡರೆ ಮೊದಲು ಗಾಳಿ ಪೈಪ್ ಕಿತ್ತು ಆಮೇಲೆ ಗನ್ನು ಬಿಚ್ಚಿ. ಹುಡುಗರ ಕೈಗೆ ಆಟಕ್ಕೂ ಕೊಡಬೇಡಿ.

ನನ್ನ ಲೆಕ್ಕ ಇಷ್ಟು. ಐದು ಪೆಟ್ಟಿಗೆವರೆಗೆ ಸುತ್ತಿಗೆ. ಇಪ್ಪತ್ತರವರೆಗೆ ನಾಲ್ಕು ಮಂದಿ ಸೇರಿ ಒಂದು 90ನೇ ಸರಣಿಯ ಗನ್ನು, ಬಾಡಿಗೆ ಗಾಳಿ. ಅದಕ್ಕೂ ಮೇಲಾದರೆ ಸ್ವಂತ ಗನ್ನು. ಕಂಪ್ರೆಸರ್ ಕೊಳ್ಳುವುದು ಬೇರೆ ಕೆಲಸಕ್ಕೂ ಬಳಕೆಯಾಗುವಂತಿದ್ದರೆ ಮಾತ್ರ. ಅಚ್ಚು, ಅಂಟು, ಅಡ್ಡ ಮೊಳೆ ಎಲ್ಲರಿಗೂ ಬೇಕು.

ಹೋದ ಜನವರಿಯಲ್ಲಿ ಅದೇ ದಾರಿಯಲ್ಲಿ ಔರಾದಿಗೆ 24 ಪೆಟ್ಟಿಗೆ ಒಯ್ದೆ. ಒಂದು ಚೌಕಟ್ಟೂ ಬಿಚ್ಚಲಿಲ್ಲ. ಬೇವಿನ ಅಥವಾ ಮಾವಿನ ಕಟ್ಟಿಗೆಯಲ್ಲಿ ಚೌಕಟ್ಟು ಮಾಡಿದವರು ಇದ್ದರೆ, ಸ್ಟೇಪಲ್ ಅದರಲ್ಲಿ ಎಷ್ಟು ವರ್ಷ ಹಿಡಿಯಿತು ಎಂದು ದಯವಿಟ್ಟು ಪತ್ರಿಕೆಗೆ ಬರೆಯಿರಿ.