ಗದ್ದೆಯ ನೀರೂ ಸೊಳ್ಳೆಯ ನಿವಾರಣೆಯೂ

ನೀರಾವರಿಯು ಗ್ರಾಮಕ್ಕೆ ಭಾಗ್ಯವೆಂಬುದರಲ್ಲಿ ಸಂದೇಹವಿಲ್ಲ. ಕೆರೆ ತುಂಬಿದ ವರ್ಷ ಊರಿನ ಕಣವೂ ತುಂಬುತ್ತದೆ. ನಾಲೆ ಬಂದ ಸೀಮೆಯಲ್ಲಿ ಒಂದು ಬೆಳೆ ಎರಡಾಗುತ್ತದೆ. ಆದರೆ ಆ ನೀರು ಹಿಡಿತವಿಲ್ಲದೆ ನಿಂತ ಕಡೆಯಲ್ಲಿ ಭತ್ತದೊಡನೆ ಸೊಳ್ಳೆಯೂ ಬೆಳೆಯುತ್ತದೆಂಬುದನ್ನು ಜಮೀನುದಾರರು ಸಾಕಷ್ಟು ಪರ್ಯಾಲೋಚಿಸಿದಂತೆ ತೋರುವುದಿಲ್ಲ. ಸೊಳ್ಳೆಯ ವಿಷಯವು ವೈದ್ಯರಿಗೆ ಸೇರಿದ್ದೆಂದೂ, ಬೇಸಾಯಗಾರರು ಅದರಲ್ಲಿ ಮಾಡತಕ್ಕದ್ದು ಏನೂ ಇಲ್ಲವೆಂದೂ ಭಾವಿಸುವುದು ವಾಡಿಕೆಯಾಗಿದೆ. ಈ ಭಾವನೆ ಸರಿಯಲ್ಲ. ಹಳ್ಳಿಯ ಸೊಳ್ಳೆಗಳಲ್ಲಿ ಹೆಚ್ಚಿನ ಪಾಲು ಹುಟ್ಟುವುದು ರೈತನೇ ತಂದು ನಿಲ್ಲಿಸಿದ, ಇಲ್ಲವೆ ನಿಲ್ಲಿಸಿ ಮರೆತ ನೀರಿನಲ್ಲಿ.

ಇದರಿಂದಾಗುವ ನಷ್ಟವೂ ಮೊದಲು ರೈತನದೇ. ನಾಟಿಯ ಕಾಲದಲ್ಲಿ ಮನೆಯ ಇಬ್ಬರು ಜ್ವರದಿಂದ ಮಲಗಿದರೆ ಆ ಮನೆಯ ಗದ್ದೆಗೆ ಪೈರು ತಡವಾಗಿ ಬೀಳುತ್ತದೆ. ತಡವಾದ ನಾಟಿಯಿಂದ ಇಳುವರಿ ಕುಗ್ಗುತ್ತದೆ. ಕೂಲಿಯ ಖರ್ಚೂ ಔಷಧದ ಖರ್ಚೂ ಒಂದೇ ತಿಂಗಳಲ್ಲಿ ತಲೆಯ ಮೇಲೆ ಬಂದು, ಸುಗ್ಗಿಗೆ ಮುಂಚೆಯೇ ಸಾಲವಾಗುತ್ತದೆ. ಜ್ವರವು ಮಗುವಿನ ಮಿದುಳಿಗೆ ಏರಿದ ಮನೆಯಲ್ಲಂತೂ ಆ ನಷ್ಟವನ್ನು ಯಾವ ಸುಗ್ಗಿಯೂ ತುಂಬಿಕೊಡಲಾರದು.

ಕಾವೇರಿ ಬಯಲಿನ ಅನುಭವ

ಈ ಮಾತು ಹೊಸದಲ್ಲ. ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆಯು 1920ರ ದಶಕದ ಕೊನೆಯಲ್ಲಿಯೇ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನೊಡನೆ ಮಲೇರಿಯಾ ಕುರಿತ ಸಂಶೋಧನೆಯನ್ನು ಕೈಗೊಂಡಿತ್ತು. 1930ರ ದಶಕದಲ್ಲಿ ಕೃಷ್ಣರಾಜಸಾಗರದ ನೀರು ನಾಲೆಯ ಮೂಲಕ ಮಂಡ್ಯದ ಬಯಲಿಗೆ ಹರಿದಾಗ ಭತ್ತ ಮತ್ತು ಕಬ್ಬಿನೊಡನೆ ಚಳಿಜ್ವರದ ಚಿಂತೆಯೂ ಆ ಸೀಮೆಗೆ ಬಂದಿತು. ಅದೇ ನದಿಯ ಕೆಳಭಾಗದಲ್ಲಿ, ತಂಜಾವೂರು ಸೀಮೆಯ ಪಟ್ಟುಕೋಟೆಯ ಸುತ್ತಮುತ್ತ, ಮೆಟ್ಟೂರು ಯೋಜನೆಯ ನಾಲೆಗಳು ಬಂದ ಮೇಲೆ ಮಲೇರಿಯಾ ಪ್ರಬಲವಾಯಿತು. 1970ರ ದಶಕದ ಕೊನೆಯಲ್ಲಿ ಕೋಲಾರ ಮತ್ತು ಮಂಡ್ಯ ಜಿಲ್ಲೆಗಳಲ್ಲಿ, ಜಪಾನೀ ಮಿದುಳು ಜ್ವರವೆಂಬ ಮತ್ತೊಂದು ಕಾಯಿಲೆ ಕಾಣಿಸಿಕೊಂಡು, ಮುಖ್ಯವಾಗಿ ಮಕ್ಕಳನ್ನು ಬಾಧಿಸಿತು. ಇದನ್ನು ಹರಡುವ ಕ್ಯೂಲೆಕ್ಸ್ ಜಾತಿಯ ಸೊಳ್ಳೆಯು ವಿಶೇಷವಾಗಿ ಭತ್ತದ ಗದ್ದೆಯಲ್ಲಿಯೇ ವೃದ್ಧಿಯಾಗತಕ್ಕದ್ದು. ಅಂದಿಗಿಂತ ಇಂದು ಮಲೇರಿಯಾ ಬಹಳ ಇಳಿದಿದೆ. ಮಿದುಳು ಜ್ವರಕ್ಕೆ ಲಸಿಕೆಯೂ ಬಂದಿದೆ. ಆದರೂ ಸೊಳ್ಳೆಯು ಉಳಿದಿರುವವರೆಗೆ ಕಾಯಿಲೆ ಮರಳಿ ಬರುವ ದಾರಿ ತೆರೆದೇ ಇರುತ್ತದೆ.

ಸೊಳ್ಳೆಯ ಜೀವನಕ್ರಮ

ಶತ್ರುವಿನ ಸ್ವಭಾವವನ್ನು ಅರಿಯದೆ ಅವನನ್ನು ಗೆಲ್ಲಲಾಗದು. ಮನುಷ್ಯರನ್ನು ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ. ಮೊಟ್ಟೆಗಳು ಬಲಿಯಲು ಅದಕ್ಕೆ ರಕ್ತವು ಬೇಕು. ಮೊಟ್ಟೆಯಿಂದ ಹೊರಬಂದ ಮರಿಹುಳುವು ನೀರಿನಲ್ಲಿದ್ದರೂ ಉಸಿರಾಟಕ್ಕೆ ನೀರಿನ ಮೇಲ್ಮೈಗೆ ಬರಲೇಬೇಕು. ಮಲೇರಿಯಾ ಹರಡುವ ಅನಾಫಿಲೀಸ್ ಜಾತಿಯ ಮರಿಯು ಮೇಲ್ಮೈಗೆ ಸಮನಾಗಿ ಮಲಗಿರುತ್ತದೆ. ಕ್ಯೂಲೆಕ್ಸ್ ಜಾತಿಯದು ತಲೆ ಕೆಳಗಾಗಿ ತೂಗುತ್ತಿರುತ್ತದೆ. ಒಂದು ಬಿಳಿಯ ಬಟ್ಟಲಲ್ಲಿ ಗದ್ದೆಯ ನೀರನ್ನು ಮೊಗೆದು ನೋಡಿದರೆ ಈ ಭೇದವನ್ನು ಯಾರು ಬೇಕಾದರೂ ಗುರುತಿಸಬಹುದು.

ನಮ್ಮ ಸೀಮೆಯ ಬೆಚ್ಚನೆಯ ಕಾಲದಲ್ಲಿ ಮೊಟ್ಟೆಯಿಂದ ರೆಕ್ಕೆಯ ಸೊಳ್ಳೆಯಾಗಲು ಸುಮಾರು 7ರಿಂದ 10 ದಿವಸಗಳು ಸಾಕು. ಈ ಅವಧಿಯೊಳಗೆ ಒಮ್ಮೆ ನೀರು ಇಂಗಿ ನೆಲ ಕಂಡಿತೆಂದರೆ ಮರಿಗಳೆಲ್ಲವೂ ಸಾಯುತ್ತವೆ. ಮುಂದೆ ಹೇಳುವ ಉಪಾಯಕ್ಕೆ ಆಧಾರವಾದುದು ಈ ಒಂದು ಸಂಗತಿ.

ವಿಷವೊಂದನ್ನೇ ನಂಬಿದುದರ ಫಲ

ಸೊಳ್ಳೆಯೆಂದೊಡನೆ ವಿಷದ ಪುಡಿಯನ್ನೂ ಹೊಗೆಯ ಯಂತ್ರವನ್ನೂ ನೆನೆಯುವವರು ಬಹು ಮಂದಿ. ಡಿ.ಡಿ.ಟಿ.ಯ ಕೀಟನಾಶಕ ಗುಣವನ್ನು 1939ರಲ್ಲಿ ಕಂಡುಹಿಡಿದ ಪಾಲ್ ಮ್ಯುಲ್ಲರ್ ಅವರಿಗೆ 1948ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ನಮ್ಮ ದೇಶದಲ್ಲಿ 1953ರಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯವು ಆರಂಭವಾಯಿತು. ವರ್ಷಕ್ಕೆ ಸುಮಾರು 7.5 ಕೋಟಿಯೆಂದು ಅಂದಾಜು ಮಾಡಲಾಗಿದ್ದ ರೋಗಿಗಳ ಸಂಖ್ಯೆಯು 1960ರ ದಶಕದ ನಡುವಿನ ವೇಳೆಗೆ ಸುಮಾರು 1 ಲಕ್ಷಕ್ಕೆ ಇಳಿಯಿತು. ಈ ಉಪಕಾರವನ್ನು ಮರೆಯತಕ್ಕದ್ದಲ್ಲ. ಆದರೆ ಜಯವು ನಿಲ್ಲಲಿಲ್ಲ. 1976ರಲ್ಲಿ 64 ಲಕ್ಷಕ್ಕೂ ಹೆಚ್ಚು ಮಂದಿಗೆ ಪುನಃ ಮಲೇರಿಯಾ ತಗುಲಿತು. ಇದಕ್ಕೆ ಹಲವು ಕಾರಣಗಳುಂಟು. ಸೊಳ್ಳೆಯು ವಿಷವನ್ನು ಸಹಿಸಿಕೊಳ್ಳುವ ಶಕ್ತಿ ಪಡೆದುದು ಅವುಗಳಲ್ಲಿ ಮುಖ್ಯವಾದುದು. ಹೊಲಗದ್ದೆಗಳಲ್ಲಿ ಬೆಳೆಯ ಹುಳುವಿಗೆಂದು ಸುರಿದ ವಿಷವೂ ಸೊಳ್ಳೆಗೆ ಈ ಶಕ್ತಿಯನ್ನು ಕಲಿಸಿತು. 1989ರಲ್ಲಿ ಡಿ.ಡಿ.ಟಿ.ಯನ್ನು ಬೇಸಾಯದಲ್ಲಿ ಬಳಸುವುದನ್ನು ನಿಷೇಧಿಸಲಾಯಿತು.

ಇನ್ನೊಂದು ನಷ್ಟವು ಕಣ್ಣಿಗೆ ಬೇಗನೆ ಬೀಳುವುದಿಲ್ಲ. ಗದ್ದೆಯ ನೀರಿನಲ್ಲಿ ಸೊಳ್ಳೆಯ ಮರಿಗಳನ್ನು ತಿನ್ನುವ ಜೀವಿಗಳು ಅನೇಕ: ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಹುಳುವಿನ ಮರಿ, ನೀರುಜೀರುಂಡೆ, ಬೆನ್ನಡಿಯಾಗಿ ಈಜುವ ತಿಗಣೆ, ಸಣ್ಣ ಮೀನು ಇತ್ಯಾದಿ. ನಾಟಿಯಾದ ಕೆಲವೇ ದಿನಗಳಲ್ಲಿ ಎಲೆ ಸುರುಳಿ ಹುಳುವನ್ನು ಕಂಡು ಅವಸರದಿಂದ ವಿಷವನ್ನು ಸಿಂಪಡಿಸಿದರೆ ಈ ಮಿತ್ರರು ಮೊದಲು ಸಾಯುತ್ತಾರೆ. ವಾರದೊಳಗೆ ಸೊಳ್ಳೆಯು ಮತ್ತೆ ಮೊಟ್ಟೆಯಿಡುತ್ತದೆ. ತಿನ್ನುವವರು ಮಾತ್ರ ಅಷ್ಟು ಬೇಗ ಹಿಂದಿರುಗುವುದಿಲ್ಲ. ನಾಟಿಯ ನಂತರದ ಮೊದಲ ತಿಂಗಳಲ್ಲಿ ಎಲೆ ತಿನ್ನುವ ಹುಳುಗಳಿಂದಾಗುವ ಗಾಯವನ್ನು ಪೈರು ಸಾಮಾನ್ಯವಾಗಿ ತಾನೇ ತುಂಬಿಕೊಳ್ಳುತ್ತದೆ. ಆದಕಾರಣ ಆ ಕಾಲದಲ್ಲಿ ಕೈ ತಡೆಯುವುದೇ ಲೇಸು.

ನೀರು ಕಟ್ಟುವುದು ಮತ್ತು ಬಿಡುವುದು

ಗದ್ದೆಯಲ್ಲಿ ಸದಾ ನೀರು ನಿಂತಿರಬೇಕೆಂಬ ನಂಬಿಕೆಯು ಹಳೆಯದು. ನಿಂತ ನೀರು ಕಳೆಯನ್ನು ಅಡಗಿಸುತ್ತದೆಂಬುದು ನಿಜ; ಆದರೆ ಪೈರಿಗೆ ಎಡೆಬಿಡದೆ ನಿಂತ ನೀರೇ ಬೇಕೆಂಬುದು ನಿಜವಲ್ಲ. ಗದ್ದೆಯನ್ನು ಕೆಲವು ದಿವಸ ತೋಯಿಸಿ, ಕೆಲವು ದಿವಸ ಆರಗೊಡುವ ಕ್ರಮವನ್ನು ಪಾಲ್ ರಸೆಲ್ ಮತ್ತು ಅವರ ಸಂಗಡಿಗರು ದಕ್ಷಿಣ ಭಾರತದಲ್ಲಿ ಮಲೇರಿಯಾ ನಿವಾರಣೆಗಾಗಿಯೇ ಪರೀಕ್ಷಿಸಿ 1942ರಲ್ಲಿ ಪ್ರಕಟಿಸಿದರು. ನೀರಿನ ಉಳಿತಾಯಕ್ಕಾಗಿ ಫಿಲಿಪೈನ್ಸ್ ದೇಶದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು ಇದೇ ಬಗೆಯ ಕ್ರಮವನ್ನು ಈಗ ಪ್ರಚಾರಪಡಿಸುತ್ತಿದೆ.

ಕ್ರಮವು ಹೀಗಿದೆ. ನಾಟಿಯಾದ ಮೊದಲ ಹತ್ತು ಹದಿನೈದು ದಿವಸ, ಬೇರು ಹಿಡಿಯುವವರೆಗೆ, ತೆಳುವಾಗಿ ನೀರು ನಿಲ್ಲಿಸಬೇಕು. ಅನಂತರ ಎರಡಂಗುಲದಷ್ಟು ನೀರು ಕಟ್ಟಿ, ಅದು ತಾನಾಗಿ ಇಂಗುವಂತೆ ಬಿಟ್ಟು, ವಾರದಲ್ಲಿ ಎರಡು ಮೂರು ದಿವಸ ನೆಲ ಕಾಣುವಂತೆ ನೋಡಿಕೊಳ್ಳಬೇಕು. ಒಂದಡಿ ಉದ್ದದ ಕೊಳವೆಗೆ ಸುತ್ತಲೂ ತೂತು ಕೊರೆದು, ಅರ್ಧಕ್ಕಿಂತ ಹೆಚ್ಚು ಭಾಗವನ್ನು ಗದ್ದೆಯಲ್ಲಿ ಹೂಳಿ, ಒಳಗಿನ ಮಣ್ಣನ್ನು ತೆಗೆದರೆ ನೆಲದ ಕೆಳಗಿನ ನೀರಿನ ಮಟ್ಟವು ಕಾಣುತ್ತದೆ. ಆ ಮಟ್ಟವು ಆರಂಗುಲ ಇಳಿಯುವವರೆಗೆ ಪೈರಿಗೆ ಹಾನಿಯಿಲ್ಲ. ಹೊಡೆ ಒಡೆದು ಹೂವಾಡುವ ಕಾಲದಲ್ಲಿ ಮಾತ್ರ ನೀರು ತಪ್ಪಬಾರದು. ಯೂರಿಯಾವನ್ನು ಆರಿದ ಗದ್ದೆಗೆ ಹಾಕಿ ಕೂಡಲೇ ನೀರು ಕಟ್ಟಿದರೆ ಗೊಬ್ಬರವು ಪೋಲಾಗುವುದಿಲ್ಲ. ಕಳೆಯು ಸ್ವಲ್ಪ ಹೆಚ್ಚಬಹುದು. ಅದಕ್ಕೆ ಕಳೆ ತೆಗೆಯುವ ಯಂತ್ರವನ್ನು ಸಾಲಿನ ನಡುವೆ ಆಡಿಸಬೇಕು. ಒಣಗಿದಾಗ ಆಳವಾಗಿ ಬಿರಿಯುವ ಎರೆಮಣ್ಣಿನಲ್ಲಿ ಬಿರುಕು ಮೂಡುವ ಮುಂಚೆಯೇ ನೀರು ಕೊಡಬೇಕು.

ಒಬ್ಬನಿಂದಾಗದ ಕೆಲಸ

ಈ ಕ್ರಮದ ಕಷ್ಟವಿರುವುದು ನೆರೆಯವನೊಡನೆ ಹೊಂದಿಕೊಳ್ಳುವುದರಲ್ಲಿ. ಒಬ್ಬನು ತನ್ನ ಗದ್ದೆಯನ್ನು ಆರಿಸಿ, ಪಕ್ಕದವನು ತುಂಬಿಸಿಟ್ಟರೆ ಪ್ರಯೋಜನವಿಲ್ಲ. ಸೊಳ್ಳೆಯು ಒಂದು ಮೈಲಿಯಷ್ಟು ಸುಲಭವಾಗಿ ಹಾರಬಲ್ಲದು. ಅದಕ್ಕೆ ಬದುವೂ ಇಲ್ಲ, ಗಡಿಕಲ್ಲೂ ಇಲ್ಲ. ಅಚ್ಚುಕಟ್ಟಿನ ಒಂದೊಂದು ಭಾಗವೂ ಒಂದೇ ಸಲಕ್ಕೆ ಆರಬೇಕು. ಇದಕ್ಕೆ ಬೇಕಾದುದು ತೂಬಿನ ಮೇಲಿನ ಹಿಡಿತ.

ಹಳೆಯ ಮೈಸೂರು ಸೀಮೆಯ ಕೆರೆಗಳಲ್ಲಿ ನೀರುಗಂಟಿಯು ಸರದಿಯಂತೆ ನೀರು ಹಂಚುವ ಪದ್ಧತಿಯಿತ್ತು. ಕೆಲವು ಊರುಗಳಲ್ಲಿ ಇನ್ನೂ ಇದೆ. ಆ ಸರದಿಯನ್ನು ವಾರಕ್ಕೆ ಒಮ್ಮೆ ತೂಬು ಮುಚ್ಚುವಂತೆ ಗೊತ್ತುಮಾಡಿದರೆ ಕೊನೆಯಂಚಿನ ಗದ್ದೆಗೂ ನೀರು ಉಳಿಯುತ್ತದೆ, ಸೊಳ್ಳೆಯೂ ಅಡಗುತ್ತದೆ. ಆದರೆ ತೂಬಿನ ಬಳಿಯ ಜಮೀನು ಸಾಮಾನ್ಯವಾಗಿ ಊರಿನ ದೊಡ್ಡವರದು. ನೀರು ಕಣ್ಣೆದುರಿಗೆ ಹರಿಯುತ್ತಿರುವಾಗ ತನ್ನ ಮಡೆಯನ್ನು ಮುಚ್ಚಲು ಯಾರ ಮನಸ್ಸೂ ಸುಲಭವಾಗಿ ಒಪ್ಪುವುದಿಲ್ಲ. ಅವರು ಮೊದಲು ಮುಚ್ಚದ ಹೊರತು ನೀರುಗಂಟಿಯ ಮಾತನ್ನು ಮಿಕ್ಕವರು ಕೇಳುವುದೂ ಇಲ್ಲ. ಗ್ರಾಮದ ಮುಖಂಡರ ಯೋಗ್ಯತೆಯು ಪರೀಕ್ಷೆಗೆ ಬರುವುದು ಇಲ್ಲಿಯೇ. ದೊಡ್ಡ ಹಿಡುವಳಿದಾರರು ಒಂದು ಬೆಳೆಯ ಕಾಲ ತಮ್ಮ ಗದ್ದೆಗಳಲ್ಲಿಯೇ ಈ ಕ್ರಮವನ್ನು ನಡೆಸಿ, ಕಣದಲ್ಲಿ ಭತ್ತವನ್ನು ಅಳೆದು ತೋರಿಸಿದರೆ ಉಪನ್ಯಾಸದ ಅವಶ್ಯಕತೆ ಇರುವುದಿಲ್ಲ.

ಗದ್ದೆ ಆರಿದಾಗಲೂ ದನಗಳ ಗೊರಸಿನ ಗುಂಡಿ, ಮಡೆಯ ಬಾಯಿ, ಹೂಳು ತುಂಬಿದ ಬಸಿಗಾಲುವೆ ಇವುಗಳಲ್ಲಿ ನೀರು ಉಳಿಯುತ್ತದೆ. ನಾಲೆಯ ಪಕ್ಕದಲ್ಲಿ ಮಣ್ಣು ತೆಗೆದ ಹಳ್ಳಗಳೂ ಹಾಗೆಯೇ. ಇವುಗಳನ್ನು ಮುಚ್ಚಿ ಸಮಮಾಡುವುದೂ, ಕಾಲುವೆಯ ಹೂಳನ್ನೂ ಅಂಚಿನ ಜೊಂಡನ್ನೂ ತೆಗೆಯುವುದೂ ನಾಟಿಗೆ ಮುಂಚೆ ಊರೆಲ್ಲ ಸೇರಿ ಮಾಡತಕ್ಕ ಕೆಲಸ.

ಮೀನಿನ ನೆರವು

ಆರಿಸಲಾಗದ ಬಾವಿ, ತೊಟ್ಟಿ ಮತ್ತು ಕುಂಟೆಗಳಿಗೆ ಮೀನು ತಕ್ಕ ಕಾವಲುಗಾರ. ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಲಿನ ಹಳ್ಳಿಗಳಲ್ಲಿ ಮಲೇರಿಯಾ ಸೊಳ್ಳೆಯು ಬಾವಿಗಳಲ್ಲಿ ಬೆಳೆಯುತ್ತಿದ್ದುದನ್ನು ಕಂಡು, 1990ರ ದಶಕದಲ್ಲಿ ಅಲ್ಲಿನ ಬಾವಿಗಳಿಗೆ ಗಪ್ಪಿ ಮೀನನ್ನು ಬಿಡಲಾಯಿತು. ಜ್ವರವು ಗಮನಾರ್ಹವಾಗಿ ಇಳಿಯಿತು. ಗುಜರಾತಿನ ಖೇಡಾ ಜಿಲ್ಲೆಯಲ್ಲಿ 1983ರಲ್ಲಿ ಆರಂಭವಾದ ಕಾರ್ಯದಲ್ಲಿ ಹಳ್ಳಗಳನ್ನು ಮುಚ್ಚುವುದರೊಡನೆ ಊರಿನ ಕೆರೆಗಳಲ್ಲಿ ತಿನ್ನುವ ಮೀನಿನ ಸಾಕಣೆಯನ್ನೂ ಸೇರಿಸಿದರು. ಆರೋಗ್ಯದ ಕೆಲಸದಿಂದ ಊರಿಗೆ ಆದಾಯವೂ ಬಂದಿತು.

ಆದರೆ ಎಲ್ಲ ಮೀನೂ ಎಲ್ಲ ನೀರಿಗೂ ಸಲ್ಲದು. 1928ರಲ್ಲಿ ನಮ್ಮ ದೇಶಕ್ಕೆ ತರಲಾದ ಗ್ಯಾಂಬೂಸಿಯಾ ಮೀನು ಸೊಳ್ಳೆಯ ಮರಿಗಳನ್ನು ತಿನ್ನುವಂತೆಯೇ ಇತರ ಮೀನುಗಳ ಮೊಟ್ಟೆ, ಮರಿಗಳನ್ನೂ ಗೊದಮೊಟ್ಟೆಗಳನ್ನೂ ತಿನ್ನುತ್ತದೆ. ಇದನ್ನಾಗಲಿ ಗಪ್ಪಿಯನ್ನಾಗಲಿ ಹೊರಗೆ ಹರಿದುಹೋಗದ ಬಾವಿ, ತೊಟ್ಟಿಗಳಲ್ಲಿ ಮಾತ್ರ ಇಡತಕ್ಕದ್ದು. ಕೆರೆ, ಹಳ್ಳ, ಹೊಳೆಗಳಿಗೆ ಬಿಡಲಾಗದು. ನೆತ್ತಿಯ ಮೇಲೆ ಹೊಳೆಯುವ ಬಿಳಿಯ ಚುಕ್ಕೆಯುಳ್ಳ, ನೀರಿನ ಮೇಲ್ಮೈಯಲ್ಲಿಯೇ ಸುಳಿದಾಡುವ ನಮ್ಮ ನಾಡಿನದೇ ಆದ ಪುಟ್ಟ ಮೀನು ಕಾಲುವೆಗಳಲ್ಲಿ ಸಿಕ್ಕುತ್ತದೆ. ಕುಂಟೆಗಳಿಗೆ ಅದೇ ಉತ್ತಮ.

ಬೇವಿನ ಹಿಂಡಿಯೂ ಉಪಯುಕ್ತ. ಐದು ಪಾಲು ಯೂರಿಯಾಕ್ಕೆ ಒಂದು ಪಾಲು ಬೇವಿನ ಹಿಂಡಿಯ ಪುಡಿಯನ್ನು ಬೆರೆಸಿ ಹಾಕಿದರೆ ಗೊಬ್ಬರವು ನಿಧಾನವಾಗಿ ಪೈರಿಗೆ ದೊರೆಯುತ್ತದೆ. ಗದ್ದೆಗೆ ಹಾಕಿದ ಬೇವು ಸೊಳ್ಳೆಯ ಮರಿಗಳನ್ನು ಕಡಮೆ ಮಾಡುವುದು ತಮಿಳುನಾಡಿನ ಗದ್ದೆಗಳಲ್ಲಿ ನಡೆದ ಪರೀಕ್ಷೆಗಳಿಂದ ತಿಳಿದಿದೆ. ಇವಾವುವೂ ಸಾಲದ ಕಡೆಯಲ್ಲಿ, 1976ರಲ್ಲಿ ಇಸ್ರೇಲಿನ ಮರುಭೂಮಿಯಲ್ಲಿ ದೊರೆತ ಬಿ.ಟಿ.ಐ. ಎಂಬ ಸೂಕ್ಷ್ಮಾಣುವಿನ ಔಷಧವನ್ನು ಆರೋಗ್ಯ ಇಲಾಖೆಯ ಸಲಹೆಯಂತೆ ನೀರಿಗೆ ಹಾಕಿಸಬಹುದು. ಇದು ಸೊಳ್ಳೆಯ ಮರಿಗಳನ್ನು ಕೊಲ್ಲುತ್ತದೆ. ಮೀನು, ದನಕರುಗಳಿಗೆ ಅಪಾಯವಿಲ್ಲ.

ಮನೆ ಮತ್ತು ತೋಟ

ಡೆಂಗೀ ಮತ್ತು ಚಿಕುನ್‌ಗುನ್ಯಾ ಜ್ವರಗಳನ್ನು ಹರಡುವ ಈಡಿಸ್ ಸೊಳ್ಳೆಯು ಗದ್ದೆಯದಲ್ಲ, ಅದು ಮನೆಯಂಗಳದ್ದು. 2006ರಲ್ಲಿ ಚಿಕುನ್‌ಗುನ್ಯಾ ನಮ್ಮ ನಾಡಿನ ಹಳ್ಳಿಹಳ್ಳಿಗಳಲ್ಲಿ ಜನರನ್ನು ನಡೆಯಲಾರದಂತೆ ಮಾಡಿದುದನ್ನು ಯಾರೂ ಮರೆತಿರಲಾರರು. ನೀರಿನ ತೊಟ್ಟಿ, ಡ್ರಮ್ಮು, ಒಡೆದ ಮಡಕೆ, ಹಳೆಯ ಟೈರು, ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಎಳನೀರಿನ ಬುರುಡೆ, ರಬ್ಬರು ಹಾಲಿನ ಬಟ್ಟಲು ಇವೇ ಅದರ ತವರು. ವಾರಕ್ಕೊಮ್ಮೆ ತೊಟ್ಟಿಗಳನ್ನು ಖಾಲಿಮಾಡಿ ಗೋಡೆಯನ್ನು ಉಜ್ಜಿ ತೊಳೆಯಬೇಕು. ಏಕೆಂದರೆ ಇದರ ಮೊಟ್ಟೆಯು ಗೋಡೆಗೆ ಅಂಟಿಕೊಂಡು, ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವದಿಂದಿರುತ್ತದೆ. ಹಂದಿಯು ಮಿದುಳು ಜ್ವರದ ವಿಷಾಣುವನ್ನು ತನ್ನ ದೇಹದಲ್ಲಿ ವೃದ್ಧಿಗೊಳಿಸುವುದರಿಂದ ಹಂದಿಗಳ ದೊಡ್ಡಿಯನ್ನು ವಾಸದ ಮನೆಗಳಿಂದ ದೂರದಲ್ಲಿಡಬೇಕು. ರಾತ್ರಿ ಸೊಳ್ಳೆಪರದೆಯನ್ನು ಕಟ್ಟುವುದನ್ನೂ, ಜ್ವರ ಬಂದೊಡನೆ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸುವುದನ್ನೂ, ಮಕ್ಕಳಿಗೆ ಲಸಿಕೆ ಹಾಕಿಸುವುದನ್ನೂ ಈ ಯಾವ ಉಪಾಯದ ಭರವಸೆಯಿಂದಲೂ ಬಿಡತಕ್ಕದ್ದಲ್ಲ.

ಮೇಲೆ ಹೇಳಿದ ಉಪಾಯಗಳಲ್ಲಿ ದುಬಾರಿಯಾದುದು ಬಹು ಕಡಮೆ. ಕೊಳವೆಯ ತುಂಡು, ಒಂದು ಕೊಡ ಮೀನು, ಹಿಂಡಿಯ ಪುಡಿ, ಊರವರ ಒಂದೆರಡು ದಿವಸದ ಮೈಕೆಲಸ ಇಷ್ಟೇ ಬೇಕಾದುದು. ಬೆಲೆ ಕೊಟ್ಟು ತರಲಾಗದ್ದು ಒಂದೇ: ತೂಬಿನ ಬಳಿಯವನು ಕೊನೆಯಂಚಿನವನಿಗಾಗಿ ವಾರಕ್ಕೊಮ್ಮೆ ನೀರು ಬಿಟ್ಟುಕೊಡುವ ಒಪ್ಪಂದ. ಮುಂದಿನ ನಾಟಿಗೆ ಮುಂಚೆ ಗ್ರಾಮದ ಹಿರಿಯರು ಕೆರೆಯ ಏರಿಯ ಮೇಲೆ ಒಮ್ಮೆ ಸೇರಿ, ತೂಬು ಮುಚ್ಚುವ ದಿನವನ್ನು ಗೊತ್ತುಮಾಡಿ ನೀರುಗಂಟಿಗೆ ತಿಳಿಸಿದರೆ ಅರ್ಧ ಕೆಲಸ ಆದಂತೆಯೇ ಸರಿ.